ಭಾನುವಾರದ ಹೊಲಿಗೆ

ವಂದನೀಯ ಸ್ವಾಮಿಗಳಿಗೆ,

ದುಡಿಯುವವರಿಗೆ ವಿಶ್ರಾಂತಿ ಎಂಬುದು ಯಜಮಾನರ ದಯೆಯಲ್ಲ, ಹಕ್ಕು ಎಂದು ನೀವು ಚರ್ಚಿನ ಪ್ರಸಂಗದಲ್ಲಿ ಹೇಳಿದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಕೆಮ್ಮಿ ಕೆಮ್ಮಿ ಹೊಲಿಗೆ ಯಂತ್ರದ ಮುಂದೆಯೇ ತೀರಿಕೊಂಡ ನನ್ನಕ್ಕನನ್ನು ನೀವೇ ಸಮಾಧಿ ಮಾಡಿದಿರಿ. ಅವಳ ಯಂತ್ರ ಇನ್ನೂ ತಾನಾಗಿ ಹೊಲಿಯುತ್ತಿದೆ, ಭಾನುವಾರವೂ. ನಮ್ಮ ಕಾರ್ಖಾನೆಯಲ್ಲಿ ಮೇಸ್ತ್ರಿ "ಸಾಕು, ಏಳು" ಎನ್ನದೆ ಯಾರೂ ಏಳುವಂತಿಲ್ಲ. ಅವಳಿಗೆ ಅದನ್ನು ಯಾರೂ ಹೇಳಲಿಲ್ಲ.

ಮೇಸ್ತ್ರಿಯನ್ನು ಬೇಡಿಕೊಂಡೆ. "ಕಾಲರ್ ಎಷ್ಟು ನೀಟಾಗಿ ಬರ್ತಿದೆ ನೋಡಮ್ಮ, ಯಾಕೆ ಎಬ್ಬಿಸ್ಲಿ?" ಎಂದು ನಕ್ಕರು. ಕೊನೆಗೆ ನಾನೇ ಹೇಳಿದೆ. ಯಂತ್ರ ಒಂದು ಗಳಿಗೆ ನಿಂತು, ಮತ್ತೆ ಜೋರಾಯಿತು. ತಂಗಿಯ ಮಾತನ್ನು ಅವಳು ಯಾವತ್ತು ಕೇಳಿದ್ದಾಳೆ?

ನಿಮ್ಮ ಮಾತು ಮೀರುವವಳಲ್ಲ. ದಯವಿಟ್ಟು ಬೇಗ ಬಂದು ಹೇಳಿ. ನನಗೂ ಅದೇ ಕೆಮ್ಮು ಶುರುವಾದಾಗಿನಿಂದ ಮೇಸ್ತ್ರಿ ನನ್ನ ಮೇಲೆ ತುಂಬ ಅಕ್ಕರೆ ತೋರಿಸುತ್ತಿದ್ದಾರೆ.

ನಿಮ್ಮ ಹಾದಿ ಕಾಯುತ್ತಿರುವ,
ಅವಳ ತಂಗಿ