ಪಕ್ಕದ ಸೀಟಿನ ಬ್ರೇಕು

ಅಡುಗೆಮನೆಯ ಮೇಜು,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ನಿನ್ನ ಎರಡೂ ಪಾದಗಳಿಗೆ ತಮ್ಮನ ಸಾಷ್ಟಾಂಗ ನಮಸ್ಕಾರ. ಬಾಣಲೆ ತಾಗಿ ಸುಟ್ಟುಕೊಂಡ ಕೈ ಹೇಗಿದೆ? ಹೋಟೆಲಿನವರು ಹೊಟ್ಟೆಗೆ ಸರಿಯಾಗಿ ಹಾಕುತ್ತಾರೋ, ಇಲ್ಲ ಅಡುಗೆಯವನಿಗೆ ವಾಸನೆಯೇ ಸಾಕು ಎನ್ನುತ್ತಾರೋ? ಇಲ್ಲಿ ನಾವು ಕ್ಷೇಮ. ಅಮ್ಮನ ಡ್ರೈವಿಂಗ್ ಸ್ಕೂಲಿನ ಕಾರು ಮಾತ್ರ ಕ್ಷೇಮವಿಲ್ಲ; ಮೂರನೇ ಗೇರಿಗೆ ಹಾಕಿದರೆ ಭಾಷಣಕ್ಕೆ ಮುಂಚಿನ ಅಧ್ಯಕ್ಷರಂತೆ ಕೆಮ್ಮುತ್ತದೆ. ಬೇರೆ ಕಾರಿಗೆಂದು ಅಮ್ಮ ಬ್ಯಾಂಕಿನಲ್ಲಿ ಕೂಡಿಟ್ಟ ದುಡ್ಡನ್ನು ಆ ಆನ್‌ಲೈನ್ ಯೋಜನೆಗೆ ಹಾಕಿದರೆ ಆರು ತಿಂಗಳಲ್ಲಿ ಎರಡು ಕಾರು ಬರುತ್ತವೆ ಎಂದು ಬರೆದಿದ್ದೆಯಲ್ಲ, ಅದರ ವರದಿ ಒಪ್ಪಿಸಲು ಈ ಕಾಗದ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನಿನ್ನ ಮಾತಿಗೆ ಬೆಲೆ ಕೊಟ್ಟು ಅಮ್ಮ ನಿನ್ನೆ ಅವರ ಆನ್‌ಲೈನ್ ಸಭೆಗೆ ಕೂತಳು. ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ನಾನು ದೇವಲೋಕದ ದ್ವಾರಪಾಲಕನಂತೆ ಪಕ್ಕದಲ್ಲಿ ನಿಂತೆ. ಯೋಜನೆಯ ಮಹಾಪುರುಷ ಪ್ರತ್ಯಕ್ಷನಾದ. ನಾನು ಅವನಿಗೆ ಕುಬೇರಣ್ಣ ಎಂದು ನಾಮಕರಣ ಮಾಡಿದ್ದೇನೆ. ಮಲಗಿದಲ್ಲೇ ದುಡ್ಡು ಬರುತ್ತದೆ ಎಂದ. ಹಾಗಾದರೆ ನಾನು ಇಷ್ಟು ಹೊತ್ತಿಗೆ ಊರಿಗೇ ಸಾಹುಕಾರನಾಗಿರಬೇಕಿತ್ತು. ಇನ್ನು ಹತ್ತೇ ನಿಮಿಷ, ಆಮೇಲೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ಬೇಗ ಬೇಗ ಎಂದ. ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ: ಅಮ್ಮನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಲಿಯುವವರು ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದಾಗ ಪಕ್ಕದ ಸೀಟಿನಲ್ಲಿ ಕೂತು, ಬೈಯದೆ, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಮೆಲ್ಲಗೆ ಒತ್ತುತ್ತಾಳಲ್ಲ, ಹಾಗೆ. "ಹಿಂದಿಂದ ಹಾರ್ನ್ ಹೊಡೆಯೋನಿಗೆ ನೀನು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿರಲ್ಲ" ಎಂದು ನಿನಗೂ ಕಲಿಸಿದ್ದಳು, ನೆನಪಿದೆಯಾ?

ಕೊನೆಗೆ ಕುಬೇರಣ್ಣ ಈ ಯೋಜನೆಯ ದುಡ್ಡಿನಲ್ಲೇ ಕೊಂಡ ತನ್ನ ಕಾರನ್ನು ತೋರಿಸಿದ. ಎರಡು ವರ್ಷದಿಂದ ದಿನಾ ಅದರಲ್ಲೇ ಓಡಾಟವಂತೆ. ಬಾಗಿಲು ತೆರೆದಿಟ್ಟು ಗತ್ತಿನಿಂದ ಕೂತ. ನನಗೆ ಕಂಡದ್ದು ಬರೀ ಹೊಳಪು. ಅಮ್ಮ ಫೋನಿಗೆ ಮೂಗು ತಾಗುವಷ್ಟು ಬಗ್ಗಿ, "ಪಾಪ, ಕಾಲೇ ಎಟುಕ್ತಿಲ್ಲ ಕಣೋ ಅವನಿಗೆ" ಎಂದಳು. ನಿಜ, ಯಾರೋ ಉದ್ದಕಾಲಿನವರಿಗೆಂದು ಸೀಟು ಹಿಂದಕ್ಕೆ ಸರಿದಿತ್ತು. ಕುಬೇರಣ್ಣ ತುದಿಗೆ ಜಾರಿ ಬೂಟಿನ ಮೊನೆಯಲ್ಲಿ ಪೆಡಲ್ ತಡಕುತ್ತಿದ್ದ. ಅಮ್ಮ ಮೈಕ್ ಒತ್ತಿ, ಸಭೆಗೆಲ್ಲ ಕೇಳುವಂತೆ, ಪಾಠ ಹೇಳುವ ದನಿಯಲ್ಲೇ, "ಸಾರ್, ಸೀಟು ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ" ಎಂದಳು. ಅವನು ಅಲ್ಲಿ ಇಲ್ಲಿ ತಡವಿ ಏನನ್ನೋ ಎಳೆದ. ಬಾನೆಟ್ ಟಪ್ಪೆಂದು ಮೇಲೆದ್ದಿತು. ಮರುಕ್ಷಣ ಕುಬೇರಣ್ಣ ಅಂತರ್ಧಾನನಾದ. ಮನೆಮಂದಿಗೆಲ್ಲ ಟೋಪಿ ಹಾಕುವ ನನಗೆ, ವೃತ್ತಿಬಾಂಧವನೊಬ್ಬ ಇಷ್ಟು ಸಲೀಸಾಗಿ ಸಿಕ್ಕಿಬಿದ್ದದ್ದು ಕಂಡು ತಲೆ ತಗ್ಗಿತು. ಅಮ್ಮನಿಗೆ ಗೆದ್ದ ಗರ್ವವೇ ಇಲ್ಲ. ಕೀಲಿ ತೆಗೆದುಕೊಂಡು ಪಾಠಕ್ಕೆ ಹೊರಟೇಬಿಟ್ಟಳು. ಇಂಥವಳ ಹೊಟ್ಟೆಯಲ್ಲಿ ನಾವಿಬ್ಬರು ಹೇಗೆ ಹುಟ್ಟಿದೆವೋ.

ಕೈಗೆ ದಿನಾ ಮುಲಾಮು ಹಚ್ಚಿಕೊಳ್ಳಬೇಕೆಂದು ಅಮ್ಮನ ಅಪ್ಪಣೆ. ಅದನ್ನೇ ಆಶೀರ್ವಾದವೆಂದು ತಿಳಿ.

ನಿನ್ನ ಆಜ್ಞಾಧಾರಕ ತಮ್ಮ,
ಕಪಿ

ತಾ.ಕ.: ಬ್ಯಾಂಕಿನಿಂದ ಅಮ್ಮನ ಫೋನಿಗೆ ಬರುವ ಒಟಿಪಿಯನ್ನು ಅವಳಿಗೆ ತಿಳಿಯದಂತೆ ನಿನಗೆ ಹೇಳಬೇಕು ಅಂದಿದ್ದೆಯಲ್ಲ, ಹೇಳುವುದಿಲ್ಲ. ಆಜ್ಞಾಧಾರಕ ಎಂಬುದನ್ನು ಹೊಡೆದುಹಾಕು. ನಿನ್ನ ಸಂಬಳ ಆಗಲೇ ಕುಬೇರಣ್ಣನ ಪಾಲಾಗಿದೆಯೇನೋ ಎಂದು ನನಗೆ ಅನುಮಾನ. ಆಗಿದ್ದರೆ ನೀನೇ ಅಮ್ಮನಿಗೆ ಫೋನು ಮಾಡಿ ಹೇಳು. ಬೈಯುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ, ಅಷ್ಟೆ.