ಮೇಲಿದ್ದ ಪಟ್ಟಿ

ಜೂನ್ 3, ಸೋಮವಾರ

ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತೆ. ಹತ್ತೂವರೆಯಾದರೂ ಒಂದೇ ಒಂದು ಎಕ್ಸ್‌ರೇ ರಿಪೋರ್ಟ್ ಹೊರಬಿದ್ದಿಲ್ಲ. ಶನಿವಾರ ನಾವು ಮನೆಗೆ ಹೋದ ಮೇಲೆ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಹೊಸ ಸಿಸ್ಟಮ್ ಹಾಕಿದ್ದಾರೆ. ಕೇಳಿದವರಿಲ್ಲ, ಹೇಳಿದವರಿಲ್ಲ. ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ನಟ್ಟನಡುವೆ ಬಂದು ಕೂತಿದೆ, ಮದುಮಗನ ಹಾಗೆ. ಕಾಪಿ, ಪೇಸ್ಟ್ ಎಂಬ ಮಾತುಗಳೇ ಮಾಯ. ಬದಲಿಗೆ ಸಾಸಿವೆ ಗಾತ್ರದ ಚಿತ್ರಗಳು... ಇಪ್ಪತ್ತಾರು ವರ್ಷ ಡಾಕ್ಟರು ಹೇಳಿದ್ದನ್ನು ಟೈಪ್ ಮಾಡಿದವಳು ನಾನು. ಇವತ್ತು ಒಂದನೇ ಕ್ಲಾಸಿನ ಮಗು.

ಕಂಪ್ಯೂಟರ್ ವಿಭಾಗದ ಟೈ ಬಂದ. ಎಂಥ ಸೆಕೆಯಲ್ಲೂ ಟೈ ಬಿಚ್ಚದವನು, ನಮಗೆಲ್ಲ ಅದೇ ಅವನ ಹೆಸರು. ಎರಡು ದಿನದಲ್ಲಿ ಅಭ್ಯಾಸ ಆಗುತ್ತದಂತೆ. ನೋಡಲು ಮೊದಲಿಗಿಂತ ಚಂದವಂತೆ. ಚಂದ ಕಟ್ಟಿಕೊಂಡು ನನಗೇನಾಗಬೇಕು.

ಜೂನ್ 4, ಮಂಗಳವಾರ

ನಿಜವಾದ ಪೆಟ್ಟು ಇವತ್ತು ಗೊತ್ತಾಯಿತು. ನನ್ನ ಪಟ್ಟಿ, ಟೈ ಅದನ್ನು ಟಾಸ್ಕ್‌ಬಾರ್ ಎನ್ನುತ್ತಾನೆ, ಮೇಲಿತ್ತು. ಏನೇನು ತೆರೆದಿದ್ದೇನೆ ಎನ್ನುವುದು, ಗಂಟೆ, ಎಲ್ಲ ಪರದೆಯ ನೆತ್ತಿಯಲ್ಲಿ. ನಾಲ್ಕು ವರ್ಷದಿಂದ ಹಾಗೆ ಇಟ್ಟುಕೊಂಡಿದ್ದೆ. ಈಗ ಕೆಳಗೆ ಹೋಗಿ ಬಿದ್ದಿದೆ. ಎಳೆದರೆ ಬರುವುದಿಲ್ಲ, ಮೊಳೆ ಹೊಡೆದ ಹಾಗೆ. ಟೈಗೆ ಫೋನ್ ಮಾಡಿದೆ.

"ಹೊಸದ್ರಲ್ಲಿ ಅದನ್ನ ತೆಗೆದಿದಾರೆ ಮೇಡಂ. ಯಾರೂ ಬಳಸಲ್ಲ ಅಂತ."

ಯಾರೂ ಬಳಸುವುದಿಲ್ಲವಂತೆ. ನಾನು ಬಳಸುತ್ತಿದ್ದೆನಲ್ಲ. ನಾನು ಯಾರೂ ಅಲ್ಲವೇ?

ಕಾರಣ ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯಬಹುದು, ಓದುವವರಿಲ್ಲ. ನನ್ನ ಎರಡೂ ಕಣ್ಣಿಗೆ ಕೆಳಗಿನ ಅರ್ಧ ಕಾಣುವುದಿಲ್ಲ. ಕಣ್ಣಿನ ಒತ್ತಡದ ಕಾಯಿಲೆ. ನೇರ ನೋಡಿದರೆ ಮೇಲಿನದೆಲ್ಲ ಸ್ಪಷ್ಟ. ಕೆಳಗಿನದು ಕತ್ತಲೆಯೂ ಅಲ್ಲ, ಸುಮ್ಮನೆ ಇಲ್ಲ. ಗೊತ್ತಿರುವುದು ಮನೆಯಲ್ಲಿ ಇವರಿಗೆ, ಮತ್ತೆ ಬೇರೆ ಊರಿನ ಕಣ್ಣಿನ ಡಾಕ್ಟರಿಗೆ. ಆಫೀಸಿಗೆ ಗೊತ್ತಾದರೆ ಮಾರನೆಯ ದಿನವೇ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು. ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ. ನನಗೆ ಬರುವುದು ಇದೊಂದೇ ಕೆಲಸ, ಚೆನ್ನಾಗಿ ಬರುತ್ತದೆ. ಬಿಡುವ ಮನಸ್ಸಿಲ್ಲ.

ಜೂನ್ 6, ಗುರುವಾರ

ಕುತ್ತಿಗೆ ನೋವು. ದಿನವಿಡೀ ಕೋಳಿಯ ಹಾಗೆ ತಲೆ ಬಗ್ಗಿಸಿ ಎತ್ತಿ, ಬಗ್ಗಿಸಿ ಎತ್ತಿ.

ಹೆಸರುಗಳೂ ಹೋದವು. ನಮ್ಮ ದೊಡ್ಡ ಡಾಕ್ಟರು ಒಂದು ರಿಪೋರ್ಟ್ ಅರ್ಧ ಹೇಳಿ, ಹಳೆಯ ಫಿಲ್ಮ್ ತರಲು ಕಳಿಸಿ, ಅಷ್ಟರಲ್ಲಿ ಇನ್ನೊಂದು ಶುರು ಮಾಡುವವರು. ಎರಡು ತೆರೆದಿಡದೆ ಅವರ ಜೊತೆ ಕೆಲಸ ಸಾಗದು. ಮೊದಲು ಪಟ್ಟಿಯಲ್ಲಿ ಇಬ್ಬರು ರೋಗಿಗಳ ಹೆಸರುಗಳೂ ಅಕ್ಕಪಕ್ಕ ಕಾಣುತ್ತಿದ್ದವು. ಈಗ ಎರಡನ್ನೂ ಒಂದೇ ಚಿತ್ರದ ಹಿಂದೆ ಗಂಟು ಕಟ್ಟಿದ್ದಾರೆ. ಪುಟದ ನೆತ್ತಿಯಲ್ಲೂ ಹೆಸರಿಲ್ಲ.

ದೂರು ಬರೆದೆ. "ರೋಗಿಯ ಹೆಸರು ಎಲ್ಲಿಯೂ ಕಾಣುವುದಿಲ್ಲ" ಎಂಬುದೇ ಮೊದಲ ಸಾಲು. ಹನ್ನೊಂದು ಜನ ಸಹಿ ಹಾಕಿದರು. ಎಲ್ಲರಿಗೂ ತಲೆ ಕೆಟ್ಟಿದೆ. ಕಂಪ್ಯೂಟರಿನ ಮೇಲೆ ಚಳವಳಿ ಹೂಡಿದವಳು ನೀನೊಬ್ಬಳೇ ಇರಬೇಕು ಎಂದು ಇವರು ನಕ್ಕರು.

ಜೂನ್ 7, ಶುಕ್ರವಾರ

ಉತ್ತರ ಬಂತು. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಅಷ್ಟೇ. ಮೈಯೆಲ್ಲ ಉರಿಯಿತು.

ಜೂನ್ 13, ಗುರುವಾರ

ಇವತ್ತಿನದನ್ನು ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಒಬ್ಬರು ಟೀಚರ್ ತಮ್ಮ ಅಕ್ಕನ ಜೊತೆ ಬಂದರು. ಸೋಮವಾರದ ರಿಪೋರ್ಟಿನಲ್ಲಿ ಶ್ವಾಸಕೋಶದಲ್ಲಿ ನೆರಳು ಎಂದಿದೆ. ಮೂರು ದಿನದಿಂದ ನಿದ್ದೆಯಿಲ್ಲ, ಊಟವಿಲ್ಲ. ದೊಡ್ಡ ಡಾಕ್ಟರು ಫಿಲ್ಮ್ ಹಿಡಿದು ನೋಡಿದರು. ಏನೂ ಇಲ್ಲ, ಶುದ್ಧ. ಹಾಗಾದರೆ ನೆರಳು ಯಾರದು?

ಅದೇ ಹೊತ್ತಿನಲ್ಲಿ ನಾನು ತೆರೆದಿಟ್ಟಿದ್ದ ಇನ್ನೊಂದು ರಿಪೋರ್ಟಿನದು. ಗೋಡೆಗೆ ಬಣ್ಣ ಬಳಿಯುವವರೊಬ್ಬರದು. ಅವರು ಏನೂ ಇಲ್ಲ ಎಂಬ ಕಾಗದ ಜೇಬಿನಲ್ಲಿಟ್ಟುಕೊಂಡು ಖುಷಿಯಿಂದ ಮನೆಗೆ ಹೋಗಿದ್ದಾರೆ. ಇದರದು ಅದಕ್ಕೆ, ಅದರದು ಇದಕ್ಕೆ ಟೈಪ್ ಮಾಡಿದ್ದೇನೆ. ಡಾಕ್ಟರು ಓದದೆ ಸಹಿ ಹಾಕಿದ್ದಾರೆ. ನಾನು ಟೈಪ್ ಮಾಡಿದ್ದನ್ನು ಅವರು ಓದುವುದು ಬಿಟ್ಟು ಎಷ್ಟೋ ವರ್ಷಗಳಾದವು, ಅಷ್ಟು ನಂಬಿಕೆ.

ಬಣ್ಣದವರಿಗೆ ನಾನೇ ಫೋನ್ ಮಾಡಿದೆ. ಏಣಿಯ ಮೇಲಿದ್ದರಂತೆ, ಇಳಿದು ಮಾತಾಡಿದರು. ನಾಳೆ ಬೆಳಿಗ್ಗೆಯೇ ಬನ್ನಿ ಎಂದೆ.

"ಏನೂ ಇಲ್ಲ ಅಂತ ನೀವೇ ಬರ್ದು ಕೊಟ್ಟಿದ್ರಲ್ಲಮ್ಮ?"

ಬನ್ನಿ ಎಂದಷ್ಟೇ ಹೇಳಿ ಇಟ್ಟೆ.

ಜೂನ್ 14, ಶುಕ್ರವಾರ

ಬಂದರು. ಉಗುರಿನ ಸುತ್ತ ನೀಲಿ ಬಣ್ಣ ಹಾಗೇ ಇತ್ತು. ಇನ್ನೂ ಪರೀಕ್ಷೆಗಳು ಆಗಬೇಕು, ತಡವಾಗಿಲ್ಲ ಎಂದು ಡಾಕ್ಟರು ಹೇಳಿದರು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, ನೆನಪಿಟ್ಟು ಫೋನ್ ಮಾಡಿದ್ದು ದೊಡ್ಡ ಉಪಕಾರ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ತಪ್ಪಲ್ಲ, ನೀವು ಮೊದಲೇ ದೂರು ಕೊಟ್ಟಿದ್ದೀರಿ, ಹೊಸ ಸಿಸ್ಟಮ್‌ನಿಂದ ಆಯಿತು ಎಂದು ಸೋಮವಾರ ಹತ್ತು ಗಂಟೆಯೊಳಗೆ ಬರೆದುಕೊಡಿ ಎಂದರು ಮೇಲಿನವರು. ಪರೀಕ್ಷೆ ಮಾಡದೆ ಹಾಕಿದ್ದಕ್ಕೆ ಟೈ ಕೆಲಸ ಕಳೆದುಕೊಳ್ಳುತ್ತಾನಂತೆ. ಒಳ್ಳೆಯದೇ ಆಯಿತು, ಅನುಭವಿಸಲಿ ಎನಿಸಿತು. ಸುಳ್ಳೇಕೆ ಹೇಳಲಿ.

ಸಂಜೆ ಅವನೇ ಬಂದ. ಹೇಗಾಯಿತು ತೋರಿಸಿ ಎಂದ. ಎರಡು ರಿಪೋರ್ಟ್ ತೆರೆದೆ. ನೋಡು, ಹೆಸರೆಲ್ಲಿದೆ ಎಂದು ಜೋರು ಮಾಡಿದೆ. ಅವನು ಬೆರಳಿಟ್ಟ.

"ಇಲ್ಲಿದೆಯಲ್ಲ ಮೇಡಂ."

ತಲೆ ಬಗ್ಗಿಸಿದೆ. ಪುಟದ ಕಟ್ಟಕಡೆಯಲ್ಲಿ, ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರ. ಹನ್ನೆರಡು ದಿನದಿಂದ ಅಲ್ಲೇ ಇತ್ತು. ಪಟ್ಟಿಗೆಂದು ತಲೆ ಬಗ್ಗಿಸಿದಾಗಲೆಲ್ಲ ಆ ಸಾಸಿವೆ ಚಿತ್ರಗಳನ್ನಷ್ಟೇ ಹುಡುಕಿದ್ದೆ. ಸಹಿ ಹಾಕಿದ ಹನ್ನೊಂದು ಜನರೂ ನೋಡಿರುತ್ತಾರೆ. ಬೇರೆ ಸಿಟ್ಟಿಗೆ ಸಹಿ ಹಾಕಿದ್ದಾರೆ, ಮೊದಲ ಸಾಲು ಓದಿರಲಿಕ್ಕಿಲ್ಲ.

ಟೈ ಪರದೆ ಬಿಟ್ಟು ನನ್ನ ಕಣ್ಣು ನೋಡಿದ. ಮೆಲ್ಲಗೆ ಕೇಳಿದ, "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎರಡೂ ರಿಪೋರ್ಟ್ ಮುಚ್ಚಿದೆ. ಯಾರಿಗೂ ಹೇಳುವುದಿಲ್ಲ ಎಂದು ಹೋದ.

ಜೂನ್ 16, ಭಾನುವಾರ

ಇವರು ಕಣ್ಣಿಗೆ ಔಷಧಿ ಹಾಕುತ್ತಾ, "ಹೇಳ್ಬಿಡು" ಎಂದರು. ಕೂಗಾಡಿದೆ. ಯಾರ ಹಂಗೂ ಇಲ್ಲದೆ ನನಗೆ ನಾನೇ ಒಂದು ದಾರಿ ಮಾಡಿಕೊಂಡಿದ್ದೆ. ನಾಲ್ಕು ವರ್ಷ ಒಂದು ತಪ್ಪಿಲ್ಲ. ಎಲ್ಲೋ ಕೂತವರು ಯಾರೂ ಬಳಸಲ್ಲ ಎಂದು ಕಿತ್ತೆಸೆದರು. ತಲೆ ತಗ್ಗಿಸಬೇಕಾದವಳು ನಾನಾ?

ಇವರು ಎರಡನೇ ಕಣ್ಣಿಗೂ ಹಾಕಿದರು.

ಜೂನ್ 17, ಸೋಮವಾರ, ಬೆಳಿಗ್ಗೆ 8.40

ಕಚ್ಚಾ ಪ್ರತಿ ಇಲ್ಲೇ ಬರೆಯುತ್ತೇನೆ.

ಮಾನ್ಯರೇ, ಹೊಸ ಪಟ್ಟಿಯಲ್ಲಿ ಹೆಸರು ತೋರುವುದಿಲ್ಲ. ಅದನ್ನು ಮೇಲೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಕೆಲಸ ಮಾಡುವವರನ್ನು ಕೇಳದೆ ಬದಲಿಸಿದ್ದೀರಿ. ಇದರಲ್ಲಿ ಒಂದಕ್ಷರವನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ರೋಗಿಯ ಹೆಸರು ಪುಟದ ಕೆಳಗೆ ಇತ್ತು. ಎಲ್ಲರಿಗೂ ಕಾಣುತ್ತಿತ್ತು. ನನಗೆ