ಬಿಸಿಲಿಗಿಡದ ತೋಟೆಗಳು

ಜುಲೈ 9, ಬೆಳಿಗ್ಗೆ
ರೈಫಲಿನ ಮೂವತ್ತನೇ ತೋಟೆಗೆ ಮದ್ದು ತುಂಬಿಟ್ಟೆ. ಲಿಂಪೋಪೊ ಹೊಳೆಯಿಂದ ಕಿಲಿಮಂಜಾರೊವರೆಗೆ ಬಿದ್ದ ಆನೆಗಳಲ್ಲಿ ಅರ್ಧ ನನ್ನ ಕೈಯ ತೋಟೆಗೇ ಬಿದ್ದದ್ದು. ಉಳಿದರ್ಧ ನನ್ನ ಹೆಸರು ಕೇಳಿ ಎದೆಯೊಡೆದು ಸತ್ತವು.
ನಮ್ಮ ಕಡೆ ಜುಲೈ ಅಂದರೆ ನಡುಚಳಿಗಾಲ, ಬೆರಳು ಮರಗಟ್ಟಿವೆ. ಐದು ಹೊಡೆದು ನೋಡಿದೆ. ಐದೂ ಕಾಫಿ ಲೋಟದ ಬಾಯಷ್ಟು ಜಾಗದಲ್ಲಿ! ಹಾಕಿದ ಮದ್ದು, ಪುಸ್ತಕದಲ್ಲಿರೋ ಅಳತೆಗಿಂತ ತುಸು ಜಾಸ್ತಿ. ಪುಸ್ತಕ ಬರೆದವನು ಪುಕ್ಕಲ.
ಇವು ಅಣ್ಣನ ಮಗಳು ಆನ್ಸಿಗೆ. ಅಕ್ಟೋಬರಿಗೆ ಜಿಂಬಾಬ್ವೆಗೆ ಹೊರಡ್ತಾಳೆ — ಬೇಟೆಗೆ ಬಂದವರ ಮುಂದೆ ನಡೆಯೋ ಕೆಲಸ, ಮೊದಲ ಸಲ. ಗಾಯಗೊಂಡ ಕಾಡುಕೋಣ ನುಗ್ಗಿದರೆ ನಿಲ್ಲಿಸಬೇಕಾದವಳು ಅವಳೇ.

ಜುಲೈ 12
ಪಕ್ಕದ ಜಮೀನಿನ ಫ್ಲೋರಿಸ್ ಬಂದ.
"ಗಾವೀ, ಚಳೀಲಿ ಅಳೆದ ಮದ್ದು ಕಣೋ ಇದು. ಬೇಸಿಗೇಲಿ ಸೊಕ್ಕೇರುತ್ತೆ. ಖಾಲಿ ತೋಟೆ ಹೊರಗೆಳೆಯೋ ಬೋಲ್ಟ್ ಆ ಒತ್ತಡಕ್ಕೆ ಕಚ್ಕೊಂಡ್ರೆ ಎರಡನೇ ಗುಂಡಿಲ್ಲ."
"ಸೊಕ್ಕೇರಿರೋದು ನಿನ್ನ ತಲೆಗೆ."
"ಪಂದ್ಯ?"
"ಪಂದ್ಯ!"
ಅಡುಗೆಮನೆಯಿಂದ ನನ್ನ ಹೆಂಡತಿ ಹೆಸ್ಟೆರ್: "ಎಷ್ಟಕ್ಕೆ?"
ಒಂದು ಬಾಟಲಿ ಬ್ರಾಂದಿಗೆ ಅಂದೆ. ಫ್ಲೋರಿಸ್ ಬಾಯಿ ಬಿಡಲಿಲ್ಲ.

ಅಕ್ಟೋಬರ್ 21, ಮಧ್ಯಾಹ್ನ
ನಲವತ್ತೊಂದು ಡಿಗ್ರಿ. ಆನ್ಸಿ ಬಂದು ಇಪ್ಪತ್ತು ತೋಟೆ ಒಯ್ದಳು. ಪರ್ಮಿಟ್ ಇರೋದೇ ಅಷ್ಟಕ್ಕೆ.
"ಚಿಕ್ಕಪ್ಪ, ಬಿಸಿಲಿಗಿಟ್ಟು ಹೊಡೆದು ನೋಡಿದ್ರಾ?"
ಎಲ್ಲರೂ ಹಾಗೇ ಮಾಡೋದು. ಗಾಡಿಯ ಮುಂದಿನ ಗಾಜಿನ ಹಿಂದೆ ಒಂದು ಗಂಟೆ ಕಾಯಿಸಿ ಹೊಡೆಯಬೇಕು. ಬೋಲ್ಟ್ ಒಂದೇ ಬೆರಳಿಗೆ ತೆರೀಬೇಕು.
"ನಾನು ತುಂಬಿದ ತೋಟೆಗೆ ಬಿಸಿಲೇ ಹೆದರಬೇಕು ಕಣೇ!"
ನಕ್ಕಳು. ನಾಳೆ ಬೆಳಿಗ್ಗೆ ಗಡಿ ದಾಟ್ತಾಳೆ.

ಅದೇ ದಿನ, ನಾಲ್ಕು ಗಂಟೆ
ಉಳಿದ ಐದನ್ನು ಗಾಜಿನ ಹಿಂದಿಟ್ಟಿದ್ದೆ. ಸುಮ್ಮನೆ. ಹೆಸ್ಟೆರ್ ಮಲಗಿದ್ದಳು.
ಒಂದು ಹೊಡೆದೆ. ಬೋಲ್ಟ್ ಬೆರಳಿಗೆ ಬರಲಿಲ್ಲ. ಇಡೀ ಕೈಗೂ ಬರಲಿಲ್ಲ. ಮರದ ಸುತ್ತಿಗೆಯಿಂದ ಎರಡೇಟು ಹಾಕಿದ ಮೇಲೆ ಬಂತು.
ಯಾರೂ ನೋಡಿಲ್ಲ...
ಆದರೆ ಆನ್ಸಿಯದೂ ಇಂಥದೇ ರೈಫಲ್. ಅವಳ ಹತ್ತಿರ ಸುತ್ತಿಗೆ ಇರಲ್ಲ.

ಅಕ್ಟೋಬರ್ 22
ನಿನ್ನೆ ಅವಳ ಫೋನ್ ಹತ್ತಲಿಲ್ಲ. ರಾತ್ರಿಯೇ ಫ್ಲೋರಿಸನ ಬಾಗಿಲಿಗೆ ಹೋದೆ. ಇದೇ ರೈಫಲಿಗೆ ಬೇಸಿಗೆಯಲ್ಲೇ ಅಳೆದು ತುಂಬಿದ ತೋಟೆ ಇರೋದು ಅವನ ಹತ್ತಿರ.
"ಇಪ್ಪತ್ತು ಕೊಡು" ಅಂದೆ.
ನನ್ನ ಮುಖ ನೋಡಿದ. ಹಲ್ಲು ಕಿರೀತಾನೆ ಅಂದ್ಕೊಂಡಿದ್ದೆ. ಇಲ್ಲ, ಒಳಗೆ ಹೋಗಿ ಎಣಿಸಿ ತಂದ.
ಬೆಳಗಿನ ಆರಕ್ಕೆ, ಗಡಿಗೆ ಮುಂಚಿನ ಊರು ಮುಸಿನಾದ ಪೆಟ್ರೋಲ್ ಬಂಕಿನಲ್ಲಿ ಅವಳನ್ನು ಹಿಡಿದೆ. ಡಬ್ಬಿ ಬದಲಾಯಿಸಿದೆ. ಹೇಳಿದೆ.
"ಕಚ್ಕೊಂಡಿದ್ದನ್ನ ಯಾರಾದ್ರೂ ನೋಡಿದ್ರಾ?"
"ಇಲ್ಲ."
ಹೊಸ ಡಬ್ಬಿಯನ್ನು ಗಾಡಿಯಲ್ಲಿಟ್ಟಳು. "ಮುಂದಿನ ಸಲಾನೂ ನೀವೇ ತುಂಬಿಕೊಡಿ ಚಿಕ್ಕಪ್ಪ."
ಕಣ್ಣಿಗೆ ಧೂಳು ಬಿತ್ತು. ಮುಸಿನಾ ಅಂದರೆ ಬರೀ ಧೂಳು.

ನವೆಂಬರ್ 3
ಆನ್ಸಿ ಫೋನು. ಕೋಣ ನುಗ್ಗಿತಂತೆ. ಮೊದಲನೇ ಗುಂಡಿಗೆ ನಿಲ್ಲಲಿಲ್ಲ. ಎರಡನೆಯದು ಎಂಟು ಹೆಜ್ಜೆಯಲ್ಲಿ. ಚೆನ್ನಾಗಿದ್ದಾಳೆ.
ಸಂಜೆ ಫ್ಲೋರಿಸನಿಗೆ ಸೋತ ಪಂದ್ಯದ್ದು ಕೊಟ್ಟು ಬಂದೆ. ಹೆಸ್ಟೆರ್ ಇನ್ನೂ ಬ್ರಾಂದಿ ಅಂತಲೇ ತಿಳಿದಿದ್ದಾಳೆ. ಇಲ್ಲೂ ಹಾಗೇ ಬರೆದಿದ್ದೆ. ಸುಳ್ಳು. ಎಂಟು ಸಾವಿರ ರಾಂಡ್.
ಅಲ್ಲ, ಒಂಬತ್ತು ಸಾವಿರದ ನಾನೂರು. ಅವನು ಎಂಟು ಸಾಕು ಅಂದಿದ್ದ, ಜಂಬಕ್ಕೆ ಏರಿಸಿದವನು ನಾನೇ. ಹೆಸ್ಟೆರಳ ಹೊಸ ಒಲೆಗೆ ಅಂತ ಕೂಡಿಟ್ಟಿದ್ದ ದುಡ್ಡು ಅದು. ಅವಳು ಇತ್ತಲೇ ಬರ್ತಿದ್ದಾಳೆ, ಮುಚ್ಚಿ—